ಗೋರಿಯ ಮೇಲಿನ ಕಂಚು ಯಾರ ಕುಲುಮೆಗೆ?

(ಪಕ್ಷದ ವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾವು ಎತ್ತಿಕೊಂಡಿರುವ ವಿಷಯ ನಮ್ಮ ಬಗರ್ ಹುಕುಂ ಅರ್ಜಿಗಳಿಗೂ ಅಡಿಕೆಯ ಧಾರಣೆಗೂ ಬಹಳ ದೂರವಾದುದೆಂದು ಕೆಲವರಿಗೆ ತೋರಬಹುದು. ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಮಡಿದ ಸಿಪಾಯಿಗಳ ಗೋರಿಯ ಮೇಲಿನ, ಸ್ಮಾರಕಗಳ ಮೇಲಿನ ಕಂಚಿನ ಫಲಕಗಳನ್ನು ಕಿತ್ತು ಗುಜರಿಗೆ ಹಾಕುವ ದಂಧೆಯೊಂದು ಹಲವು ವರ್ಷಗಳಿಂದ ನಡೆದಿದೆ. ಅದು ಅಲ್ಲಿಯ ಪೋಲೀಸರ ಕೆಲಸ, ಸಮಾಜವಾದಿಗಳಾದ ನಮಗೇನು ಎಂದು ಕೇಳುವವರಿದ್ದಾರೆ. ನಮ್ಮ ಉತ್ತರ ಇಷ್ಟೇ. ಕಳ್ಳತನ ನಡೆದಲ್ಲೆಲ್ಲ ಕದ್ದವನೊಬ್ಬ, ಕೊಂಡವನೊಬ್ಬ ಇರುತ್ತಾರೆ. ಕದ್ದವನನ್ನು ಹಿಡಿದು ಬಡಿದು ಕೊಂಡವನಿಗೆ ಕುರ್ಚಿ ಹಾಕುವ ಪದ್ಧತಿ ಯಾವ ದೇಶದಲ್ಲಿದ್ದರೂ ಅದು ನಮ್ಮ ವಿಷಯವೇ.

ಮೊದಲು ಈ ಫಲಕವೆಂದರೇನೆಂಬುದನ್ನು ತಿಳಿಯೋಣ. ನಮ್ಮಲ್ಲಿ ಹೆಣ ಸುಡುವವರೇ ಹೆಚ್ಚು. ಆದರೂ ಕಾಳಗದಲ್ಲಿ ಬಿದ್ದವನಿಗೆ ಕಲ್ಲು ನಿಲ್ಲಿಸುವ ರೂಢಿ ನಮಗೆ ಹೊಸದಲ್ಲ. ತುರು ಕಾಯುತ್ತ ಸತ್ತವನಿಗೂ ವೀರಗಲ್ಲು ನಿಲ್ಲಿಸಿದ ನಾಡು ಇದು. ಅಮೆರಿಕದಲ್ಲಿ ಸೈನಿಕರ ಗೋರಿಗೆ ಗುರುತು ಇಡುವ ಕೆಲಸವನ್ನು ಸರ್ಕಾರವೇ ವಹಿಸಿಕೊಂಡದ್ದು 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ಕಾಲದಲ್ಲಿ. 1867ರಲ್ಲಿ ರಾಷ್ಟ್ರೀಯ ಸ್ಮಶಾನಗಳ ಕಾಯಿದೆ ಬಂತು. ಯುದ್ಧಭೂಮಿಗಳಲ್ಲಿ ಅಲ್ಲಲ್ಲಿ ಹೂತಿದ್ದ ಸುಮಾರು 3 ಲಕ್ಷ ಮಂದಿ ಒಕ್ಕೂಟದ ಸಿಪಾಯಿಗಳ ಅವಶೇಷಗಳನ್ನು ಅಗೆದು ತಂದು ಈ ಸ್ಮಶಾನಗಳಲ್ಲಿ ಮತ್ತೆ ಮಣ್ಣು ಮಾಡಿದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಯಾರೆಂದು ತಿಳಿಯಲೇ ಇಲ್ಲ. ಮೊದಮೊದಲು ನೆಟ್ಟದ್ದು ಮರದ ಹಲಗೆ. ಮಳೆಗೆ ಬಿಸಿಲಿಗೆ ಹಲಗೆ ಕೊಳೆತು ಹೆಸರು ಅಳಿಸಿಹೋಗುವುದನ್ನು ಕಂಡು 1873ರಲ್ಲಿ ಕಲ್ಲು ನೆಡಲು ನಿಶ್ಚಯಿಸಿದರು. ಮುಂದೆ 1879ರಲ್ಲಿ ಖಾಸಗಿ ಸ್ಮಶಾನಗಳಲ್ಲಿ ಗುರುತಿಲ್ಲದೆ ಮಲಗಿದ್ದ ಸಿಪಾಯಿಗಳಿಗೂ ಕಲ್ಲು ಕೊಡಲು ಕಾಯಿದೆಯಾಯಿತು. ಬಡ ಸಿಪಾಯಿ ಅನಾಥ ಹೆಣದಂತೆ ಗುರುತಿಲ್ಲದ ಗುಂಡಿಗೆ ಬೀಳಬಾರದು ಎಂಬುದು ಅದರ ಹಿಂದಿನ ಭಾವನೆ.

ಈಗ ಅಮೆರಿಕದ ಸರ್ಕಾರ ಮಾಜಿ ಸೈನಿಕನ ಗೋರಿಗೆ ಅಮೃತಶಿಲೆ, ಗ್ರಾನೈಟು ಇಲ್ಲವೆ ಕಂಚಿನ ಗುರುತನ್ನು ಪುಕ್ಕಟೆಯಾಗಿ ಕೊಡುತ್ತದೆ. ನೆಲಕ್ಕೆ ಸಮನಾಗಿ ಕೂರಿಸುವ ಕಂಚಿನ ಫಲಕ ಎರಡು ಅಡಿ ಉದ್ದ, ಒಂದು ಅಡಿ ಅಗಲ. ತೂಕ 18 ಪೌಂಡು, ಎಂದರೆ ನಮ್ಮ ಲೆಕ್ಕದಲ್ಲಿ 8 ಕಿಲೋ. ಅದರ ಮೇಲೆ ಸತ್ತವನ ಹೆಸರು, ಹುಟ್ಟಿದ ದಿನ, ಸತ್ತ ದಿನ, ಸೇವೆ ಮಾಡಿದ ಪಡೆ, ಹೋರಾಡಿದ ಯುದ್ಧ ಇವಿಷ್ಟು ಇರುತ್ತವೆ. ಇದಲ್ಲದೆ ಗೋರಿಯ ಪಕ್ಕದಲ್ಲಿ ಬಾವುಟ ಸಿಕ್ಕಿಸಲು ನಕ್ಷತ್ರದಾಕಾರದ ಲೋಹದ ಗುರುತುಗಳನ್ನು ಮಾಜಿ ಸೈನಿಕರ ಸಂಘಗಳು ನೆಡುತ್ತ ಬಂದವು. ಅಂತರ್ಯುದ್ಧದ ಸಿಪಾಯಿಗಳು 1866ರಲ್ಲಿ ಕಟ್ಟಿಕೊಂಡ ‘ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್’ ಅಂತಹ ಸಂಘಗಳಲ್ಲೊಂದು. ಅದರ ಕಡೆಯ ಸದಸ್ಯ 1956ರಲ್ಲಿ ತೀರಿಕೊಂಡ. ಸಂಘವೂ ಅಲ್ಲಿಗೆ ಮುಗಿಯಿತು. ನಕ್ಷತ್ರಗಳು ಮಾತ್ರ ಹುಲ್ಲಿನಲ್ಲಿ ಉಳಿದವು. ಕೇಳುವವರಿಲ್ಲದ ಆಸ್ತಿಯ ಮೇಲೆ ಯಾರ ಕಣ್ಣು ಬೀಳುತ್ತದೆಂಬುದು ನಿಮಗೆ ಗೊತ್ತೇ ಇದೆ.

ಇನ್ನು ಕಳ್ಳತನದ ಮಾತು. ಕಂಚಿನಲ್ಲಿ ಬಹುಪಾಲು ತಾಮ್ರ. ತಾಮ್ರದ ಬೆಲೆ ನಿರ್ಧಾರವಾಗುವುದು ಸ್ಮಶಾನದಲ್ಲಲ್ಲ. ಲಂಡನ್ನಿನ ಲೋಹದ ಪೇಟೆಯಲ್ಲಿ. 2003ರಲ್ಲಿ ಒಂದು ಟನ್ ತಾಮ್ರಕ್ಕೆ ಎರಡು ಸಾವಿರ ಡಾಲರಿಗಿಂತ ಕಡಿಮೆಯಿತ್ತು. 2006ರ ಮೇ ತಿಂಗಳಲ್ಲಿ ಅದು ಎಂಟು ಸಾವಿರವನ್ನು ದಾಟಿತು. 2008ರ ಕಡೆಯಲ್ಲಿ ಬ್ಯಾಂಕುಗಳು ಕುಸಿದಾಗ ಮೂರು ಸಾವಿರದ ಕೆಳಗೆ ಬಿತ್ತು. 2011ರ ಫೆಬ್ರವರಿಯಲ್ಲಿ ಹತ್ತು ಸಾವಿರವನ್ನು ಮೀರಿತು. 2024ರ ಮೇ ತಿಂಗಳಲ್ಲಿ ಮತ್ತೆ ಹತ್ತು ಸಾವಿರದ ಮೇಲೇರಿತು. ಬೆಲೆ ಏರಿದ ವರ್ಷಗಳಲ್ಲಿಯೇ ರೈಲು ಹಳಿಯ ಪಕ್ಕದ ತಂತಿ, ಬೀದಿ ದೀಪದ ತಂತಿ, ಚರ್ಚಿನ ಛಾವಣಿಯ ಸೀಸ, ಗೋರಿಯ ಫಲಕ ಇವೆಲ್ಲಕ್ಕೂ ಕಾಲು ಬಂದವು. ಲಾಸ್ ಏಂಜಲೀಸ್ ನಗರದಲ್ಲಿ 2022ರಲ್ಲಿ ಬಹು ವೈಭವದಿಂದ ತೆರೆದ ಆರನೇ ಬೀದಿಯ ಸೇತುವೆ, ಕಳ್ಳರು ತಾಮ್ರದ ತಂತಿ ಎಳೆದುಕೊಂಡು ಹೋದದ್ದರಿಂದ ಕತ್ತಲಾಯಿತು. 2024ರ ಆರಂಭದಲ್ಲಿ ಅದೇ ಸೀಮೆಯ ಕಾರ್ಸನ್, ಕಾಂಪ್ಟನ್ ಊರುಗಳ ಹಳೆಯ ಸ್ಮಶಾನಗಳಿಂದ ಕಂಚಿನ ಫಲಕಗಳು ಮಾಯವಾದವು. ಬೆಲೆಯ ಪಟ್ಟಿಗೂ ಹಾರೆಗೂ ಇರುವ ನಂಟು ಇದು. ಜನರು ಒಮ್ಮೆಲೇ ಕೆಟ್ಟವರಾದರೆಂದು ಉಪದೇಶ ಮಾಡುವವರು ಈ ಪಟ್ಟಿಯನ್ನೊಮ್ಮೆ ನೋಡಬೇಕು.

ಇನ್ನು ಹಣದ ದಾರಿಯನ್ನು ಹಿಡಿದು ನಡೆಯೋಣ. ರಾತ್ರಿ ಹಾರೆ ಹಾಕಿ ಫಲಕ ಕಿತ್ತವನು ಮೊದಲು ಅದನ್ನು ಸುತ್ತಿಗೆಯಿಂದ ಒಡೆಯುತ್ತಾನೆ ಇಲ್ಲವೆ ಹಾಗೆಯೇ ಗೋಣಿಯಲ್ಲಿ ಸುತ್ತುತ್ತಾನೆ. ಗುಜರಿ ಅಂಗಳದಲ್ಲಿ ಪೌಂಡಿಗೆ ಎರಡು ಡಾಲರಿನ ಆಸುಪಾಸು ಸಿಕ್ಕಿದರೂ ಒಂದು ಫಲಕಕ್ಕೆ ಮೂವತ್ತು ನಲವತ್ತು ಡಾಲರು. ಅಲ್ಲಿ ಅದು ಒಂದೆರಡು ದಿನಗಳ ಊಟ, ಇಲ್ಲವೆ ಒಂದು ಹೊತ್ತಿನ ಮಾದಕ ದ್ರವ್ಯ. ಅಂಗಳದವನು ಅದನ್ನು ದೊಡ್ಡ ವರ್ತಕನಿಗೆ ಕೊಡುತ್ತಾನೆ. ವರ್ತಕನು ಕುಲುಮೆಗೆ ಇಲ್ಲವೆ ಹಡಗಿಗೆ. ಅಮೆರಿಕವು ಲೋಹದ ಗುಜರಿಯನ್ನು ಹೊರಗೆ ಕಳಿಸುವ ದೊಡ್ಡ ದೇಶಗಳಲ್ಲೊಂದು. ನಮ್ಮ ಗುಜರಾತಿನ ಜಾಮ್‌ನಗರದ ಹಿತ್ತಾಳೆ ಕಾರ್ಖಾನೆಗಳು ಹೊರದೇಶಗಳಿಂದ ಬಂದ ಗುಜರಿಯನ್ನು ಕರಗಿಸಿ ನಲ್ಲಿ, ತಿರುಪು, ವಿದ್ಯುತ್ ಸಾಮಾನುಗಳನ್ನು ಮಾಡುತ್ತವೆ. ಕದ್ದ ಫಲಕಗಳು ಇಲ್ಲಿಗೇ ಬಂದಿವೆ ಎಂದು ನಾವು ಹೇಳುತ್ತಿಲ್ಲ. ಕರಗಿದ ಕಂಚಿಗೆ ಊರಿಲ್ಲ, ಹೆಸರಿಲ್ಲ ಎಂದಷ್ಟೇ ಹೇಳುತ್ತೇವೆ. ಕಳವಿನ ಮಾಲನ್ನು ಕಳವಲ್ಲದ ಮಾಲಾಗಿ ಮಾಡುವುದು ಕುಲುಮೆ. ಆದುದರಿಂದ ಕುಲುಮೆಗೆ ಮುಟ್ಟುವ ಮೊದಲೇ ಅದನ್ನು ತಡೆಯಬೇಕು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ತಾಮ್ರದ ತಂತಿ ಮೂಕ. ಅದನ್ನು ಯಾವ ಕಂಬದಿಂದ ಎಳೆದರೆಂದು ಅದು ಹೇಳಲಾರದು. ಗೋರಿಯ ಫಲಕ ಮೂಕವಲ್ಲ. ನಾನು ಇಂಥವನು, ಇಂಥ ವರ್ಷ ಹುಟ್ಟಿದೆ, ಇಂಥ ಯುದ್ಧದಲ್ಲಿದ್ದೆ, ಇಂಥ ದಿನ ಸತ್ತೆ ಎಂದು ಅದು ಕೊಳ್ಳುವವನ ಮುಖದ ಮುಂದೆ ಹೇಳುತ್ತದೆ. ಕದ್ದ ಮಾಲೆಂದು ತಿಳಿದೂ ಕೊಂಡವನು ಅಪರಾಧಿ ಎಂಬುದು ನಮ್ಮ ದಂಡ ಸಂಹಿತೆಯಲ್ಲಿ 1860ರಿಂದ ಇದೆ; ಈಗಿನ ನ್ಯಾಯ ಸಂಹಿತೆಯಲ್ಲಿಯೂ ಇದೆ; ಇಂಗ್ಲೆಂಡ್ ಅಮೆರಿಕಗಳ ಕಾಯಿದೆಗಳಲ್ಲಿಯೂ ಇದೆ. ಬೇರೆ ಮಾಲಿನ ವಿಷಯದಲ್ಲಿ ‘ನನಗೆ ತಿಳಿಯಲಿಲ್ಲ ಸ್ವಾಮೀ’ ಎಂದು ಗುಜರಿಯ ಧಣಿ ಕೈತಿರುವಬಹುದು. ತಕ್ಕಡಿಯ ಮೇಲೆ ಸತ್ತವನ ಹೆಸರೇ ಬಿದ್ದಿರುವಾಗ ಆ ಮಾತಿಗೆ ಎಡೆಯೆಲ್ಲಿ? ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರೆ. ಈ ಧಣಿಗೆ ಆ ಪಿಳ್ಳೆ ನೆವವೂ ಇಲ್ಲ.

ಆದಾಗ್ಯೂ ಕಾಯಿದೆಯ ಕೋಪ ತಿರುಗಿದ್ದು ಯಾರ ಕಡೆಗೆ? ಅಮೆರಿಕದ ಸಂಸತ್ತು 2003ರಲ್ಲಿ ಸೈನಿಕ ಸ್ಮಾರಕಗಳ ರಕ್ಷಣೆಗೆಂದು ಪ್ರತ್ಯೇಕ ಕಾಯಿದೆ ಮಾಡಿತು. ಸಾರ್ವಜನಿಕ ಸ್ಥಳದ ಸೈನಿಕ ಸ್ಮಾರಕವನ್ನು ಹಾಳು ಮಾಡಿದವನಿಗೆ ಹತ್ತು ವರ್ಷಗಳವರೆಗೆ ಸೆರೆವಾಸ ಎಂದು ವಿಧಿಸಿತು. ಒಳ್ಳೆಯದೇ. ಆದರೆ ಕಾಯಿದೆಯಾದ ಮೇಲೆ ಬಂದ 2006ರಲ್ಲಿ, 2011ರಲ್ಲಿ ಬೆಲೆ ಏರಿದಾಗ ಫಲಕಗಳು ನಿಂತಲ್ಲಿ ನಿಲ್ಲಲಿಲ್ಲ. ಹತ್ತು ವರ್ಷದ ಸೆರೆಮನೆಯನ್ನು ಲೆಕ್ಕ ಹಾಕಿ ಹಾರೆ ಹಿಡಿಯುವ ಸ್ಥಿತಿಯಲ್ಲಿ ಆ ಮನುಷ್ಯನಿಲ್ಲ. ಲೆಕ್ಕ ಹಾಕಬಲ್ಲವನು ತಕ್ಕಡಿಯ ಹಿಂದೆ ಕುಳಿತವನು.

ಅನುಮಾನ ಎಷ್ಟು ಬೇಗ ಯಾರ ಮೇಲೆ ಬೀಳುತ್ತದೆಂಬುದಕ್ಕೂ ಒಂದು ಪ್ರಸಂಗವಿದೆ. 2012ರ ಜುಲೈಯಲ್ಲಿ, ಅವರ ಸ್ವಾತಂತ್ರ್ಯ ದಿನದ ಹೊತ್ತಿಗೆ, ನ್ಯೂಯಾರ್ಕ್ ಸಂಸ್ಥಾನದ ಹಡ್ಸನ್ ಎಂಬ ಊರಿನಲ್ಲಿ ಅಂತರ್ಯುದ್ಧದ ಸಿಪಾಯಿಗಳ ಗೋರಿಯ ಮೇಲಿನ ಬಾವುಟಗಳು ಒಂದೊಂದಾಗಿ ಕಾಣೆಯಾದವು. ಊರು ಕೆರಳಿತು. ಯಾವ ದೇಶದ್ರೋಹಿಯ ಕೆಲಸವಿದು ಎಂದು ಪೋಲೀಸರು ಸ್ಮಶಾನದಲ್ಲಿ ಕ್ಯಾಮರಾ ಇಟ್ಟು ಕಾದರು. ಸಿಕ್ಕಿದ ಕಳ್ಳ ಯಾರು ಗೊತ್ತೆ? ವುಡ್‌ಚಕ್ ಎಂಬ, ಅಳಿಲಿನ ಜಾತಿಯ, ಬಿಲ ತೋಡುವ ಪ್ರಾಣಿ. ಬಾವುಟವನ್ನು ಕಚ್ಚಿ ಬಿಲಕ್ಕೆ ಎಳೆಯುತ್ತಿತ್ತು! ನಗು ಬರುವ ಪ್ರಸಂಗವೇ ಹೌದು. ಆದರೆ ಕ್ಯಾಮರಾ ಇಲ್ಲದ ಊರಿನಲ್ಲಿ ಆ ಆಪಾದನೆ ಯಾವ ಬಡವನ ತಲೆಗೆ ಕಟ್ಟುತ್ತಿತ್ತೆಂದು ಯೋಚಿಸಿದರೆ ನಗು ನಿಲ್ಲುತ್ತದೆ.

ಈಗ ಇಂಗ್ಲೆಂಡಿಗೆ ಬರೋಣ. ಅಲ್ಲಿ ಪ್ರತಿಯೊಂದು ಹಳ್ಳಿಯ ನಡುವೆಯೂ ಮೊದಲನೆಯ ಮಹಾಯುದ್ಧದಲ್ಲಿ ಮಡಿದವರ ಹೆಸರು ಕೆತ್ತಿದ ಒಂದು ಸ್ಮಾರಕವಿರುತ್ತದೆಂದರೆ ಹೆಚ್ಚು ತಪ್ಪಲ್ಲ. 2011ರಲ್ಲಿ ತಾಮ್ರ ಹತ್ತು ಸಾವಿರ ದಾಟಿದಾಗ ಈ ಸ್ಮಾರಕಗಳ ಕಂಚಿನ ಹಲಗೆಗಳಿಗೂ ಕೈ ಬಿತ್ತು. ಲಂಡನ್ನಿನ ಕಾರ್ಷಾಲ್ಟನ್ ಎಂಬಲ್ಲಿ ಆ ವರ್ಷವೇ ಸ್ಮಾರಕದ ಫಲಕಗಳು ಕಳುವಾದವು. ಅಲ್ಲಿ ಗುಜರಿ ವರ್ತಕರು ಹೆಸರು ನೋಂದಾಯಿಸಿ ದಫ್ತರ ಇಡಬೇಕೆಂಬ ಕಾಯಿದೆ 1964ರಲ್ಲಿಯೇ ಇತ್ತು. ಆದರೆ ಹಣ ರೊಕ್ಕವಾಗಿ ಕೈಗೆ ಕೈ ದಾಟುತ್ತಿದ್ದಾಗ ದಫ್ತರದಲ್ಲಿ ಯಾವ ಹೆಸರನ್ನು ಬರೆದರೇನು? ಕಡೆಗೆ 2012ರ ಡಿಸೆಂಬರ್ 3ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಗುಜರಿ ಲೋಹಕ್ಕೆ ರೊಕ್ಕ ಕೊಡುವುದನ್ನೇ ನಿಷೇಧಿಸಿದರು. ಚೆಕ್ಕಿನ ಮೂಲಕವೋ ಬ್ಯಾಂಕಿನ ಮೂಲಕವೋ ಕೊಡಬೇಕು. 2013ರ ಕಾಯಿದೆ ಇದನ್ನು ಇನ್ನಷ್ಟು ಬಿಗಿ ಮಾಡಿತು. ಪರವಾನಗಿಯಿಲ್ಲದೆ ವ್ಯಾಪಾರವಿಲ್ಲ, ಮಾರುವವನ ಹೆಸರು ವಿಳಾಸಗಳನ್ನು ಪರೀಕ್ಷಿಸಬೇಕು, ದಫ್ತರವನ್ನು ಮೂರು ವರ್ಷ ಇಡಬೇಕು. ಮುಂದಿನ ಕೆಲವು ವರ್ಷಗಳಲ್ಲಿ ಪೋಲೀಸರ ಲೆಕ್ಕಕ್ಕೆ ಬಂದ ಲೋಹದ ಕಳ್ಳತನಗಳು ಅರ್ಧಕ್ಕಿಂತ ಕೆಳಗಿಳಿದವು. ಆ ಕಾಲದಲ್ಲಿ ತಾಮ್ರದ ಬೆಲೆಯೂ ಇಳಿದಿತ್ತು. ಎಲ್ಲ ಕೀರ್ತಿಯನ್ನೂ ಕಾಯಿದೆಗೇ ಕೊಡಲಾಗದು. ಆದರೂ ಪಾಠ ಸ್ಪಷ್ಟವಾಗಿದೆ. ಕದಿಯುವವನಿಗೆ ಶಿಕ್ಷೆ ಹೆಚ್ಚಿಸಿದಾಗ ಆಗದ್ದು, ಕೊಳ್ಳುವವನ ದಾರಿಯನ್ನು ಕಟ್ಟಿದಾಗ ಬಹುಮಟ್ಟಿಗೆ ಆಯಿತು. ಅಮೆರಿಕದಲ್ಲಿಯೂ ಅನೇಕ ಸಂಸ್ಥಾನಗಳು ಇಂತಹ ನಿಯಮಗಳನ್ನು ಮಾಡಿವೆ. ಆದರೆ ಒಂದೊಂದು ಸಂಸ್ಥಾನಕ್ಕೆ ಒಂದೊಂದು ನಿಯಮ. ಗಡಿ ದಾಟಿಸಿದರೆ ಮಾಲು ಮತ್ತೆ ಶುದ್ಧ.

ಇದಕ್ಕೆ ಎದುರಾಗಿ ಒಂದು ವಾದವನ್ನು ಹೂಡುತ್ತಾರೆ. ರೊಕ್ಕ ನಿಲ್ಲಿಸಿದರೆ, ದಫ್ತರ ಕೇಳಿದರೆ, ತಳ್ಳುಗಾಡಿಯಲ್ಲಿ ಹಳೆ ಪಾತ್ರೆ ಕಬ್ಬಿಣ ಕೂಡಿಸಿ ಹೊಟ್ಟೆ ಹೊರೆಯುವವನ ಗತಿಯೇನು ಎಂಬುದು ಆ ವಾದ. ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಗುಜರಿ ಆಯುವವನು ದುಡಿಯುವವನು. ಊರಿನ ಕಸದಿಂದ ಸಂಪತ್ತನ್ನು ಬೇರ್ಪಡಿಸುವವನು. ಅವನಿಗೆ ಪೋಲೀಸರ ಬೆತ್ತವಲ್ಲ, ಗುರುತಿನ ಚೀಟಿಯೂ ಸಂಘವೂ ಬೇಕು. ಆದರೆ ಈ ವಾದವನ್ನು ಗಟ್ಟಿಯಾಗಿ ಆಡುವವನು ತಳ್ಳುಗಾಡಿಯವನಲ್ಲ. ಅವನ ಹೆಗಲ ಮೇಲೆ ಕೋವಿ ಇಟ್ಟು ಹಾರಿಸುವ ದೊಡ್ಡ ಅಂಗಳದ ಧಣಿ. ಹಳೆಯ ಬಕೆಟ್ಟಿಗೂ ಸಿಪಾಯಿಯ ಗೋರಿಯ ಫಲಕಕ್ಕೂ ವ್ಯತ್ಯಾಸ ತಿಳಿಯದ ಗುಜರಿಯವನು ಭೂಮಿಯ ಮೇಲಿಲ್ಲ. ನಿಯಮದ ಭಾರ ತಕ್ಕಡಿ ದೊಡ್ಡದಾದಂತೆ ಹೆಚ್ಚಬೇಕು. ಕುಲುಮೆಯ ಬಾಗಿಲಲ್ಲಿ ಅತಿ ಹೆಚ್ಚಾಗಬೇಕು.

ಕಂಚಿನ ಮಾತಾಯಿತು. ಆ ಕಂಚಿನ ಕೆಳಗೆ ಮಲಗಿರುವವನು ಯಾರು? ಅಮೆರಿಕದಲ್ಲಾಗಲಿ ನಮ್ಮಲ್ಲಾಗಲಿ, ಪಡೆಯ ಸಾಲಿನಲ್ಲಿ ನಿಂತು ಸಾಯುವವರು ಬಹುತೇಕ ರೈತನ ಮಗ, ಕೂಲಿಯವನ ಮಗ. ಯುದ್ಧ ಹೂಡುವವರ ಮಕ್ಕಳ ಗೋರಿಗಳು ಅಲ್ಲಿ ವಿರಳ. ಬದುಕಿ ಬಂದವರಿಗೆ ಸಂದ ಗೌರವಕ್ಕೆ ಒಂದು ಉದಾಹರಣೆ ಕೇಳಿ. ಮೊದಲನೆಯ ಮಹಾಯುದ್ಧದ ಸಿಪಾಯಿಗಳಿಗೆ ಅಮೆರಿಕದ ಸಂಸತ್ತು 1924ರಲ್ಲಿ ಬೋನಸ್ ಮಂಜೂರು ಮಾಡಿತು. ಬಹುಮಂದಿಗೆ ಕೈಗೆ ಬರುವುದು ಮಾತ್ರ 1945ಕ್ಕೆ. ನಡುವೆ ಆರ್ಥಿಕ ಮುಗ್ಗಟ್ಟು ಬಂತು, ಕೆಲಸ ಹೋಯಿತು. 1932ರಲ್ಲಿ ಸಾವಿರಾರು ಮಾಜಿ ಸಿಪಾಯಿಗಳು ಹೆಂಡಿರು ಮಕ್ಕಳೊಡನೆ ವಾಷಿಂಗ್ಟನ್ನಿಗೆ ಬಂದು ಗುಡಿಸಲು ಹಾಕಿ, ನಮ್ಮ ಹಣವನ್ನು ಈಗಲೇ ಕೊಡಿ ಎಂದು ಕುಳಿತರು. ಜುಲೈ 28ರಂದು ಪೋಲೀಸರ ಗುಂಡಿಗೆ ವಿಲಿಯಂ ಹುಷ್ಕಾ ಮತ್ತು ಎರಿಕ್ ಕಾರ್ಲ್‌ಸನ್ ಎಂಬ ಇಬ್ಬರು ಬಲಿಯಾದರು. ಅದೇ ದಿನ ಜನರಲ್ ಮೆಕಾರ್ಥರನ ಸೈನ್ಯ ಅಶ್ರುವಾಯು ಬಿಟ್ಟು ಎಲ್ಲರನ್ನೂ ಓಡಿಸಿತು, ಗುಡಿಸಲುಗಳು ಉರಿದುಹೋದವು. ಸತ್ತ ಆ ಇಬ್ಬರನ್ನೂ ಆಮೇಲೆ ಆರ್ಲಿಂಗ್‌ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಮಣ್ಣು ಮಾಡಿದರು. ಇರುವಾಗ ಗುಂಡು, ಸತ್ತ ಮೇಲೆ ಕಲ್ಲು! ಹಾಳಾಗಲಿ, ಕಲ್ಲಾದರೂ ಸಿಕ್ಕಿತು. 2024ರ ಜನವರಿಯಲ್ಲಿ ಅಮೆರಿಕದ ಸರ್ಕಾರವೇ ಮಾಡಿದ ಎಣಿಕೆಯಂತೆ, ಒಂದು ರಾತ್ರಿಯಲ್ಲಿ ಸ್ವಂತ ಸೂರಿಲ್ಲದೆ ಬೀದಿಯಲ್ಲಿಯೋ ಛತ್ರಗಳಲ್ಲಿಯೋ ಮಲಗಿದ್ದ ಮಾಜಿ ಸೈನಿಕರು 32 ಸಾವಿರಕ್ಕಿಂತ ಹೆಚ್ಚು. ಫಲಕ ಕಳುವಾದಾಗ ರಾಷ್ಟ್ರದ ಮಾನ ಹೋಯಿತೆಂದು ಕೂಗುವ ಧುರೀಣರು ಈ ಎಣಿಕೆ ಬಂದ ದಿನ ಎಲ್ಲಿರುತ್ತಾರೆ?

ಹಾಗೆಂದು ಫಲಕದ ಕಳ್ಳತನ ಸಣ್ಣದೆಂದು ನಾವು ಹೇಳುವವರಲ್ಲ. ಸರ್ಕಾರ ಕೊಟ್ಟ ಫಲಕ ಕಳುವಾದರೆ ಸರ್ಕಾರವೇ ಇನ್ನೊಂದನ್ನು ಪುಕ್ಕಟೆ ಹಾಕಿಕೊಡುತ್ತದೆ. ಆದರೆ ಕೇಳುವವರು ಬೇಕಲ್ಲ! ವಂಶವಳಿದವನ, ಮಕ್ಕಳು ದೂರ ಹೋದವನ ಗೋರಿ ಹುಲ್ಲಿನಡಿ ಹೋಗುತ್ತದೆ. ಬಡವನು ಆಸ್ತಿ ಬಿಟ್ಟು ಸತ್ತಿಲ್ಲ, ಪುಸ್ತಕ ಬರೆದು ಸತ್ತಿಲ್ಲ. ಲೋಕದಲ್ಲಿ ಅವನ ಹೆಸರು ಬಹಿರಂಗವಾಗಿ ಇರುವುದು ಆ ಎರಡು ಅಡಿ ಕಂಚಿನ ಮೇಲೆ ಮಾತ್ರ. ಕಳ್ಳನು ಒಯ್ಯುವುದು ಎಂಟು ಕಿಲೋ ಲೋಹ. ಊರು ಕಳೆದುಕೊಳ್ಳುವುದು ಒಂದು ಹೆಸರು.

ನಷ್ಟವನ್ನು ಹೆಸರಿನಿಂದ ಅಳೆಯುವುದಾದರೆ ನಾವು ಇನ್ನೊಂದು ದಫ್ತರವನ್ನೂ ತೆರೆಯಬೇಕಾಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ ಭಾರತದಿಂದ ಹದಿಮೂರು ಲಕ್ಷಕ್ಕೂ ಮಿಕ್ಕಿ ಜನ ಹೋದರು. 74 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ನಮ್ಮ ಮೈಸೂರಿನ ಅಶ್ವಪಡೆಯೂ ಹೋಗಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದದ್ದು ಜೋಧಪುರದವರೂ ಅವರೂ ಸೇರಿ. ಮಡಿದವರ ಗೋರಿಗಳ ಕೆಲಸಕ್ಕಾಗಿ 1917ರ ಮೇ 21ರಂದು ಸಾಮ್ರಾಜ್ಯದ ಯುದ್ಧ ಸಮಾಧಿ ಆಯೋಗ ಹುಟ್ಟಿತು. ಅಧಿಕಾರಿ, ಸಿಪಾಯಿ, ಜನಾಂಗ, ಮತ ಎಂಬ ಭೇದವಿಲ್ಲದೆ ಪ್ರತಿಯೊಬ್ಬ ಮಡಿದವನ ಹೆಸರನ್ನೂ ಶಾಶ್ವತವಾಗಿ ಕೆತ್ತಬೇಕೆಂಬುದು ಅದು ಒಪ್ಪಿದ ತತ್ವ. ಫ್ರಾನ್ಸಿನ ನವ್ ಶಪೆಲ್ ಎಂಬಲ್ಲಿ 1927ರಲ್ಲಿ ತೆರೆದ ಸ್ಮಾರಕದ ಮೇಲೆ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಯೂರೋಪಿನವರ ಕಣ್ಣಿಗೆ ಬೀಳುವಲ್ಲಿ ತತ್ವ ನಡೆಯಿತು. ಕಣ್ಣಿಗೆ ಬೀಳದಲ್ಲಿ? ಇರಾಕಿನ ಬಸ್ರಾದ ಸ್ಮಾರಕದಲ್ಲಿ ಭಾರತೀಯ ಅಧಿಕಾರಿಗಳ ಹೆಸರನ್ನು ಕೆತ್ತಿ, ಸಾಮಾನ್ಯ ಸಿಪಾಯಿಗಳನ್ನು ಇಷ್ಟು ಮಂದಿ ಎಂಬ ಅಂಕಿಯಲ್ಲಿ ಮುಗಿಸಿದರು. ಆಫ್ರಿಕದ ಹಮಾಲರ ಪಾಲಿಗೆ ಅದೂ ಬರಲಿಲ್ಲ.

ಇದನ್ನು ನಾವು ದ್ವೇಷದಿಂದ ಹೇಳುತ್ತಿರುವುದಲ್ಲ. ಅದೇ ಆಯೋಗ ನೇಮಿಸಿದ ಸಮಿತಿಯೇ 2021ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಭಾರತ, ಆಫ್ರಿಕ, ಈಜಿಪ್ಟುಗಳ 45 ಸಾವಿರದಿಂದ 54 ಸಾವಿರದಷ್ಟು ಮಂದಿಯನ್ನು ಇತರರಿಗೆ ಸಮನಾಗಿ ಸ್ಮರಿಸಿಲ್ಲ. ಕಡಿಮೆಯೆಂದರೂ 1,16,000 ಮಂದಿಯನ್ನು, ಒಂದುವೇಳೆ 3,50,000 ಮಂದಿಯವರೆಗೆ, ಹೆಸರು ಹಿಡಿದು ಸ್ಮರಿಸಿಲ್ಲ ಇಲ್ಲವೆ ಸ್ಮರಿಸಿಯೇ ಇಲ್ಲ ಎಂದು ಅದು ಒಪ್ಪಿಕೊಂಡಿತು. ಬ್ರಿಟನ್ನಿನ ರಕ್ಷಣಾ ಮಂತ್ರಿ ಏಪ್ರಿಲ್ 22ರಂದು ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ಇಲ್ಲಿ ಹಾರೆಯಿಲ್ಲ, ಗೋಣಿಯಿಲ್ಲ, ರಾತ್ರಿಯ ಕತ್ತಲೆಯೂ ಇಲ್ಲ. ಹಗಲಿನಲ್ಲಿ, ಮೇಜಿನ ಮುಂದೆ, ಮಸಿಯ ಲೇಖನಿಯಿಂದ ನಡೆದ ಕೆಲಸ. ಇಟ್ಟ ಫಲಕವನ್ನು ಕಿತ್ತವನಿಗೆ ಹತ್ತು ವರ್ಷ. ಫಲಕವನ್ನೇ ಇಡದವರಿಗೆ ನೂರು ವರ್ಷಗಳ ಮೇಲೆ ಒಂದು ಕ್ಷಮೆಯ ಮಾತು. ಕಾಯಿದೆಯ ತಕ್ಕಡಿ ಇದೇ ಏನು ಎಂದು ನಾವು ಕೇಳುತ್ತೇವೆ.

ಹಾಗಾದರೆ ನಾವು ಹೇಳುವುದೇನು? ಮೊದಲನೆಯದು, ಗುಜರಿಗೆ ರೊಕ್ಕದ ವ್ಯವಹಾರ ನಿಲ್ಲಲಿ, ದಫ್ತರ ಕುಲುಮೆಯವರೆಗೂ ನಡೆಯಲಿ. ಹೆಸರಿರುವ ಲೋಹವನ್ನು ಸ್ಮಶಾನದವರ ಕಾಗದವಿಲ್ಲದೆ ಕೊಂಡವನಿಗೆ, ಕಿತ್ತವನಿಗಿಂತ ಹೆಚ್ಚಿನ ಶಿಕ್ಷೆಯಾಗಲಿ. ಗೊತ್ತಿರಲಿಲ್ಲವೆಂಬ ನೆವವನ್ನು ನ್ಯಾಯಸ್ಥಾನ ಕೇಳದಿರಲಿ. ಎರಡನೆಯದು, ಕಳುವಾದ ಫಲಕವನ್ನು ಸಂಬಂಧಿಕರು ಬಂದು ಕೇಳಲೆಂದು ಕಾಯದೆ, ಸ್ಮಶಾನದ ಪಟ್ಟಿ ನೋಡಿ ಸರ್ಕಾರವೇ ಮತ್ತೆ ಹಾಕಲಿ. ಮೂರನೆಯದು, ಇಡದೆ ಬಿಟ್ಟ ಹೆಸರುಗಳನ್ನು ಹುಡುಕಿ ಬರೆಯುವ ಕೆಲಸ ಕ್ಷಮೆಯ ಮಾತಿನೊಡನೆ ಮುಗಿಯದಿರಲಿ. ಭಾರತದ ಸರ್ಕಾರ ತನ್ನ ದಫ್ತರಗಳನ್ನು ತೆರೆದು ಅದಕ್ಕೆ ಕೈಗೂಡಿಸಲಿ. ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು: ಸಿಪಾಯಿಗೆ ಸಲ್ಲಬೇಕಾದ ಅನ್ನ, ಸೂರು, ಔಷಧಿ ಅವನು ಬದುಕಿರುವಾಗಲೇ ಸಲ್ಲಲಿ.

ನಮ್ಮ ತಾಲ್ಲೂಕುಗಳಲ್ಲಿಯೂ ಗದ್ದೆಯ ಬದುವಿನಲ್ಲಿ, ಕೆರೆಯ ಸೋಪಾನದಲ್ಲಿ ವೀರಗಲ್ಲುಗಳು ಮಗುಚಿ ಬಿದ್ದಿವೆ. ಅವುಗಳಲ್ಲಿ ತಾಮ್ರವಿಲ್ಲ, ಆದುದರಿಂದ ಯಾರೂ ಕರಗಿಸಲಿಲ್ಲ, ಬಟ್ಟೆ ಒಗೆಯಲು ಹಾಸಿದರು. ಮುಂದಿನ ಭಾನುವಾರ ಯುವಕರು ನಾಲ್ಕು ಮಂದಿ ಒಂದೊಂದು ಹಳ್ಳಿಗೆ ಹೋಗಿ, ಯಾವ ಕಲ್ಲು ಎಲ್ಲಿದೆ, ಅದರ ಮೇಲೆ ಏನಿದೆ ಎಂದು ಬರೆದುಕೊಂಡು ಬನ್ನಿ. ಪಟ್ಟಿಯನ್ನು ಈ ಪತ್ರಿಕೆಯಲ್ಲಿ ಅಚ್ಚು ಮಾಡೋಣ. ಬರೆದಿಟ್ಟ ಹೆಸರನ್ನು ಕದಿಯುವುದು ಕಷ್ಟ.